ಪಥ್ಯಕ್ಕೂ ಒಂದು ಅವಧಿಯುಂಟು: ಹಾಲುಣಿಸುವ ತಾಯಿಯ ಆಹಾರ ಮತ್ತು ಇತಿಹಾಸದ ಪಾಠ

ಪವಿತ್ರ ಕುರ್‌ಆನಿನ ಮೂರನೆಯ ಅಧ್ಯಾಯ ಆಲಿ ಇಮ್ರಾನ್‌ನ 93ನೇ ಸೂಕ್ತದಲ್ಲಿ ಬಹು ಪ್ರಾಚೀನವಾದ ಒಂದು ಪಥ್ಯದ ಪ್ರಸ್ತಾಪವಿದೆ. ತೌರಾತ್ ಅವತೀರ್ಣವಾಗುವ ಮುನ್ನ ಇಸ್ರಾಈಲ್ ಸಂತತಿಗೆ ಆಹಾರವೆಲ್ಲವೂ ಧರ್ಮಸಮ್ಮತವಾಗಿತ್ತು. ಇಸ್ರಾಈಲ್, ಅಂದರೆ ಪ್ರವಾದಿ ಯಾಕೂಬ್(ಅ) ತಮಗೆ ತಾವೇ ನಿಷಿದ್ಧಗೊಳಿಸಿಕೊಂಡಿದ್ದುದು ಮಾತ್ರ ಅದಕ್ಕೆ ಹೊರತಾಗಿತ್ತು ಎಂಬುದು ಆ ಸೂಕ್ತದ ಸಾರ. ಹಾಗಾದರೆ ಅವರು ತ್ಯಜಿಸಿದ್ದ ಆಹಾರ ಯಾವುದು? ಇಮಾಮ್ ತಬರಿ, ಇಬ್ನು ಕಸೀರ್ ಮೊದಲಾದ ವ್ಯಾಖ್ಯಾನಕಾರರು ಉದ್ಧರಿಸಿರುವ ವರದಿಗಳ ಪ್ರಕಾರ ಅದು ಒಂಟೆಯ ಮಾಂಸ ಮತ್ತು ಒಂಟೆಯ ಹಾಲು. ಸೊಂಟದಿಂದ ಕಾಲಿಗಿಳಿಯುವ ನರದ ತೀವ್ರ ನೋವು ಅವರನ್ನು ಬಾಧಿಸುತ್ತಿತ್ತು. ಗುಣವಾದರೆ ತಮಗೆ ಅತ್ಯಂತ ಪ್ರಿಯವಾದ ಆಹಾರವನ್ನು ಬಿಟ್ಟುಬಿಡುವೆನೆಂದು ಅವರು ಹರಕೆ ಹೊತ್ತರು. ಅವರ ತರುವಾಯ ಅವರ ಮಕ್ಕಳೂ ಅದನ್ನು ಬಿಟ್ಟರು.

ಈ ವೃತ್ತಾಂತದಲ್ಲಿ ಶ್ರದ್ಧೆಯ ಪಾಠವಿರುವಂತೆಯೇ ಇತಿಹಾಸದ ಪಾಠವೂ ಇದೆ. ಕಾಯಿಲೆಯ ಸಂದರ್ಭದಲ್ಲಿ ಒಬ್ಬರು ತಮಗಾಗಿ ಬಿಟ್ಟ ಆಹಾರವು, ಆ ಕಾಯಿಲೆಯ ನೆನಪು ಅಳಿದ ಮೇಲೂ ನಿಷೇಧವಾಗಿ ಉಳಿದುಬಿಡಬಲ್ಲದು. ಬಿಡುವಾಗ ಒಂದು ಕಾರಣವಿರುತ್ತದೆ. ಕಾರಣ ತೀರಿತೇ ಎಂದು ಮರಳಿ ವಿಚಾರಿಸುವವರು ಮಾತ್ರ ವಿರಳ.

ಇದನ್ನು ನಾವು ಇಂದು ಎತ್ತಿಕೊಳ್ಳುವುದಕ್ಕೆ ನಮ್ಮ ಮನೆಗಳಲ್ಲೇ ಕಾರಣವಿದೆ. ಎದೆಹಾಲು ಕುಡಿಯುವ ಶಿಶುವಿನ ಮಲದಲ್ಲಿ ರಕ್ತ ಅಥವಾ ಲೋಳೆ ಕಾಣಿಸಿಕೊಳ್ಳುತ್ತದೆ, ಮೈಮೇಲೆ ಇಸುಬು ಏಳುತ್ತದೆ, ಕುಡಿದುದನ್ನು ಮಗು ಮತ್ತೆ ಮತ್ತೆ ಕಕ್ಕುತ್ತದೆ. ಹಸುವಿನ ಹಾಲಿನ ಅಂಶ ಮಗುವಿಗೆ ಒಗ್ಗುತ್ತಿಲ್ಲವೆಂಬ ಶಂಕೆಯಿಂದ ತಾಯಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ಎಲ್ಲವನ್ನೂ ಬಿಡಲು ಹೇಳಲಾಗುತ್ತದೆ. ತಾಯಿ ಒಂದು ಮಾತೂ ಆಡದೆ ಬಿಡುತ್ತಾಳೆ. ಅವನ್ನು ಮತ್ತೆ ಯಾವಾಗ ತಿನ್ನಬೇಕೆಂದು ಆಕೆಗೆ ಹೇಳುವವರು ಯಾರೂ ಇರುವುದಿಲ್ಲ. ವಾರಗಳು ತಿಂಗಳುಗಳಾಗುತ್ತವೆ. ಕೆಲವು ತಾಯಂದಿರು ಸೊರಗುತ್ತಾರೆ, ಕೆಲವರು ಬೇಸತ್ತು ಎದೆಹಾಲನ್ನೇ ನಿಲ್ಲಿಸುತ್ತಾರೆ. ಬಿಟ್ಟ ಹಾಲನ್ನು ತಾಯಿಯ ಊಟಕ್ಕೆ ಮರಳಿ ತರುವುದೂ ಚಿಕಿತ್ಸೆಯ ಅಂಗವೇ ಎಂಬುದನ್ನು ವೈದ್ಯಕೀಯದ ಇತಿಹಾಸವು ಹೇಗೆ ಕಂಡುಕೊಂಡಿತೆಂದು ವಿವರಿಸುವುದೇ ಈ ಲೇಖನದ ಉದ್ದೇಶ.

ನಿಷಿದ್ಧ ಬೇರೆ, ಒಗ್ಗದಿರುವುದು ಬೇರೆ

ಹಾಲು ಅಲ್ಲಾಹನ ಅನುಗ್ರಹ. ಅದು ಕುಡಿಯುವವರಿಗೆ ಹಿತವಾದ ಶುದ್ಧ ಪಾನೀಯವೆಂದು ಅನ್ನಹ್ಲ್ ಅಧ್ಯಾಯವು ಅದನ್ನು ದೃಷ್ಟಾಂತವಾಗಿ ಮುಂದಿಡುತ್ತದೆ. ಇತರ ಆಹಾರವನ್ನು ಸೇವಿಸಿದಾಗ ಅದಕ್ಕಿಂತ ಉತ್ತಮವಾದುದನ್ನು ಕೇಳಲು ಕಲಿಸಿದ ಪ್ರವಾದಿ(ಸ), ಹಾಲನ್ನು ಕುಡಿದಾಗ ಅದನ್ನೇ ಹೆಚ್ಚಿಸಿಕೊಡೆಂದು ಪ್ರಾರ್ಥಿಸಲು ಕಲಿಸಿದರು. ಇಷ್ಟು ಶ್ರೇಷ್ಠವಾದ ಆಹಾರವು ಒಂದು ಎಳೆಗೂಸಿಗೆ ತೊಂದರೆ ಕೊಡುವುದುಂಟೇ ಎಂಬ ಪ್ರಶ್ನೆ ಹಿರಿಯರ ಮನಸ್ಸಿನಲ್ಲಿ ಏಳುವುದು ಸಹಜ.

ಇದಕ್ಕೆ ಉತ್ತರ ಪ್ರವಾದಿವರ್ಯರ(ಸ) ಜೀವನದಲ್ಲೇ ಇದೆ. ಒಮ್ಮೆ ಅವರ ಮುಂದೆ ಹುರಿದ ಉಡವನ್ನು ಇಡಲಾಯಿತು. ಅವರು ಕೈ ಹಿಂದೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ವಿಚಾರಿಸಿದಾಗ, ನಿಷಿದ್ಧವಲ್ಲ, ತಮ್ಮ ನಾಡಿನಲ್ಲಿ ಅದು ಇಲ್ಲದ ಕಾರಣ ತಮಗೆ ಮನಸ್ಸಾಗುತ್ತಿಲ್ಲ ಎಂಬರ್ಥದ ಉತ್ತರವಿತ್ತರು. ಖಾಲಿದರು(ರ) ಅದೇ ಸುಪ್ರದಲ್ಲಿ ಅವರೆದುರೇ ಕುಳಿತು ಅದನ್ನು ತಿಂದರು. ಒಂದೇ ತಟ್ಟೆ, ಇಬ್ಬರು ವ್ಯಕ್ತಿಗಳು. ಒಬ್ಬರು ತಿಂದರು, ಒಬ್ಬರು ಬಿಟ್ಟರು. ಆಹಾರದ ಧಾರ್ಮಿಕ ವಿಧಿ ಬೇರೆ, ವ್ಯಕ್ತಿಗೆ ಅದು ಹಿಡಿಸುವುದು ಬೇರೆ ಎಂಬ ವಿವೇಕ ಇಲ್ಲಿದೆ. ಮಗುವಿಗಾಗಿ ಹಾಲು ಬಿಟ್ಟ ತಾಯಿಯು ಅನುಗ್ರಹವನ್ನು ತಿರಸ್ಕರಿಸಿದವಳಲ್ಲ. ಹಾಗೆಯೇ, ಅಗತ್ಯ ತೀರಿದ ಬಳಿಕವೂ ಧರ್ಮಸಮ್ಮತವಾದುದನ್ನು ತನ್ನ ಮೇಲೆ ನಿಷಿದ್ಧದಂತೆ ಹೇರಿಕೊಳ್ಳುವುದು ಆಕೆಯ ಕರ್ತವ್ಯವೂ ಅಲ್ಲ.

ತಾಯಿಯ ತಟ್ಟೆಯಿಂದ ಶಿಶುವಿನ ಒಡಲಿಗೆ

ಹಾಲುಣಿಸುವವಳ ಆಹಾರಕ್ಕೂ ಶಿಶುವಿನ ಸ್ಥಿತಿಗೂ ಇರುವ ನಂಟನ್ನು ಅರಬರು ಬಲ್ಲವರಾಗಿದ್ದರು. ಇಬ್ನು ಇಸ್‌ಹಾಕರ ಚರಿತ್ರೆಯಲ್ಲಿ ಬನೂ ಸಅದ್ ಗೋತ್ರದ ಹಲೀಮಾರ(ರ) ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಬರಗಾಲದ ವರ್ಷ. ಅವರ ಎದೆಯಲ್ಲಿ ಹಾಲಿರಲಿಲ್ಲ, ಮುದಿ ಒಂಟೆಯ ಕೆಚ್ಚಲಲ್ಲಿಯೂ ಒಂದು ಹನಿಯಿರಲಿಲ್ಲ, ಹಸಿದ ಮಗುವಿನ ಅಳುವಿನಿಂದ ರಾತ್ರಿ ಯಾರಿಗೂ ನಿದ್ರೆಯಿರಲಿಲ್ಲ. ಮಕ್ಕಾದ ಅನಾಥ ಶಿಶುವನ್ನು ಮಡಿಲಿಗೆ ತೆಗೆದುಕೊಂಡ ಬಳಿಕ ಅವರ ಎದೆ ತುಂಬಿತು, ಒಂಟೆಯ ಕೆಚ್ಚಲೂ ತುಂಬಿತು. ಪತಿ ಕರೆದು ತಂದ ಹಾಲನ್ನು ದಂಪತಿಗಳಿಬ್ಬರೂ ತೃಪ್ತಿಯಾಗುವಷ್ಟು ಕುಡಿದರು. ಮಕ್ಕಳಿಬ್ಬರೂ ನೆಮ್ಮದಿಯಿಂದ ಮಲಗಿದರು. ಈ ಪ್ರಸಂಗದಲ್ಲಿ ಬರ್ಕತ್ ಮಗುವಿಗೂ ದೊರೆಯಿತು, ಹಾಲೂಡಿಸುವ ತಾಯಿಗೂ ದೊರೆಯಿತು ಎಂಬುದನ್ನು ಗಮನಿಸಬೇಕು.

ಆಹಾರವೊಂದು ಎಲ್ಲರಿಗೂ ಒಂದೇ ಬಗೆಯಾಗಿ ಒಗ್ಗುವುದಿಲ್ಲವೆಂಬುದು ಗ್ರೀಕ್ ವೈದ್ಯರಿಗೆ ತಿಳಿದಿತ್ತು. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಉಳಿದು ಬಂದಿರುವ ಗ್ರಂಥಗಳಲ್ಲಿ ಚೀಸಿನ ಉದಾಹರಣೆಯೇ ಇದೆ. ಕೆಲವರು ಅದನ್ನು ಹೊಟ್ಟೆ ತುಂಬ ತಿಂದರೂ ಏನೂ ಆಗದು, ಮತ್ತೆ ಕೆಲವರನ್ನು ಅದು ಬಾಧಿಸುತ್ತದೆ ಎಂಬುದು ಅಲ್ಲಿನ ವಾದ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಬಿನ್ ಇಸ್‌ಹಾಕ್ ಮತ್ತು ಸಂಗಡಿಗರು ಗ್ರೀಕ್ ವೈದ್ಯಗ್ರಂಥಗಳನ್ನು ಸಿರಿಯಾಕ್ ಹಾಗೂ ಅರಬಿ ಭಾಷೆಗಳಿಗೆ ಅನುವಾದಿಸಿದರು. ಆ ಅಡಿಪಾಯದ ಮೇಲೆ ಇಸ್ಲಾಮೀ ನಾಗರಿಕತೆಯ ವೈದ್ಯರು ಶಿಶುಪಾಲನೆಗೆ ಪ್ರತ್ಯೇಕ ಗ್ರಂಥಗಳನ್ನೇ ಮೀಸಲಿಟ್ಟರು. 925ರಲ್ಲಿ ನಿಧನರಾದ ಮುಹಮ್ಮದ್ ಬಿನ್ ಝಕರಿಯ್ಯಾ ಅರ್‍ರಾಝಿ ಮಕ್ಕಳ ಕಾಯಿಲೆಗಳ ಬಗ್ಗೆ ಬರೆದರು. ಅದೇ ಹತ್ತನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಖೈರವಾನ್ ನಗರದ ಇಬ್ನುಲ್ ಜಝ್ಝಾರ್ ಮಕ್ಕಳ ಪಾಲನೆಯ ಕುರಿತೂ, ಸ್ಪೇನಿನ ಕುರ್ತುಬಾದ ಅರೀಬ್ ಬಿನ್ ಸಅದ್ ಗರ್ಭಿಣಿಯರು ಮತ್ತು ನವಜಾತ ಶಿಶುಗಳ ಆರೈಕೆಯ ಕುರಿತೂ ಗ್ರಂಥ ರಚಿಸಿದರು. ವಸಂತದಲ್ಲಿ ಗುಲಾಬಿಯ ಪರಿಮಳ ಬಂದೊಡನೆ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರಿಗೆ ನೆಗಡಿ ಹಿಡಿಯುವುದೇಕೆ ಎಂಬುದರ ಬಗ್ಗೆಯೂ ರಾಝಿ ಒಂದು ಕಿರುಹೊತ್ತಗೆ ಬರೆದಿದ್ದರು. ಎಲ್ಲರಿಗೂ ಹಿತವಾದುದು ಒಬ್ಬರಿಗೆ ಅಹಿತವಾಗುವ ವಿಸ್ಮಯವನ್ನು ಅವರು ಕಡೆಗಣಿಸಲಿಲ್ಲ.

ಇಬ್ನು ಸೀನಾ (980–1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಶಿಶುವಿಗೆ ತಾಯಿಯ ಹಾಲೇ ಶ್ರೇಷ್ಠವೆಂದರು. ಹಾಲಿನ ಗುಣವನ್ನು ಅರಿಯಲು ಉಗುರಿನ ಮೇಲೆ ಒಂದು ಹನಿ ಹಾಕಿ ನೋಡುವ ಪರೀಕ್ಷೆಯನ್ನು ವಿವರಿಸಿದರು. ಅದು ತೀರಾ ತೆಳುವಾಗಿ ಹರಿದುಹೋಗಬಾರದು, ಅಂಟಿಕೊಂಡು ನಿಲ್ಲಲೂ ಬಾರದು. ನಮ್ಮ ವಿಷಯಕ್ಕೆ ಅತಿ ಮುಖ್ಯವಾದುದು ಅವರ ಇನ್ನೊಂದು ಸೂತ್ರ: ಎದೆಹಾಲು ಕುಡಿಯುವ ಮಗುವಿಗೆ ಕಾಯಿಲೆಯಾದಾಗ ವೈದ್ಯನ ಮೊದಲ ಗಮನ ಹಾಲುಣಿಸುವವಳ ಆಹಾರ ಮತ್ತು ದಿನಚರಿಯನ್ನು ಸರಿಪಡಿಸುವ ಕಡೆಗೆ ಇರಬೇಕು. ಎದೆಹಾಲು ರಕ್ತವು ಪಕ್ವಗೊಂಡು ಆಗುವ ವಸ್ತುವೆಂಬ ಆ ಕಾಲದ ತಿಳಿವಳಿಕೆ ಇಂದು ನಿಲ್ಲುವುದಿಲ್ಲ. ಆದರೆ ತಾಯಿಯ ತಟ್ಟೆಯಲ್ಲಿರುವುದರ ಅಂಶ ಶಿಶುವನ್ನು ತಲುಪುತ್ತದೆ ಎಂಬ ಅನುಭವಜ್ಞಾನ ನಿಂತಿತು. ಅದನ್ನು ಪ್ರಯೋಗದಿಂದ ಸಾಧಿಸಿ ತೋರಿಸಲು ಇನ್ನೂ ಒಂಬತ್ತು ಶತಮಾನಗಳು ಬೇಕಾದವು.

ಅನುಮಾನದಿಂದ ಪ್ರಮಾಣದತ್ತ

1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಬಳಕೆಗೆ ತಂದರು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ನಿರುಪದ್ರವಿ ವಸ್ತುವನ್ನು ಶತ್ರುವೆಂದು ಬಗೆಯಬಹುದೆಂಬ ಅರಿವು ಆ ಕಾಲದಲ್ಲಿ ಮೂಡಿತು. 1921ರಲ್ಲಿ ಅಮೆರಿಕದ ವೈದ್ಯ ಶ್ಯಾನನ್, ತಾಯಿ ತಿಂದ ಆಹಾರದ ಪ್ರೋಟೀನು ಎದೆಹಾಲಿನಲ್ಲಿ ಇರುತ್ತದೆಂಬುದನ್ನು ಗಿನಿಯಿಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಇಬ್ನು ಸೀನಾರ ಸೂತ್ರಕ್ಕೆ ಹೀಗೆ ಹೊಸ ಆಧಾರ ದೊರೆಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕಾಗಿದೆ. ಇಂತಹ ಶಿಶುಗಳಲ್ಲಿ ತೊಂದರೆ ಕೊಡುವುದು ಹಸುವಿನ ಹಾಲಿನ ಪ್ರೋಟೀನು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅಲ್ಲ. ಲ್ಯಾಕ್ಟೋಸ್ ತಾಯಿಯ ಎದೆಹಾಲಿನಲ್ಲಿಯೇ ಹೇರಳವಾಗಿದ್ದು, ತಾಯಿ ಏನನ್ನು ಬಿಟ್ಟರೂ ಅದು ಇದ್ದೇ ಇರುತ್ತದೆ. ಆದುದರಿಂದ ಅಂಗಡಿಯಲ್ಲಿ ದೊರೆಯುವ ಲ್ಯಾಕ್ಟೋಸ್‌ರಹಿತ ಹಾಲು ಈ ಸಮಸ್ಯೆಗೆ ಪರಿಹಾರವಲ್ಲ. ಮೇಕೆ ಮತ್ತು ಎಮ್ಮೆಯ ಹಾಲಿನ ಪ್ರೋಟೀನುಗಳು ಹಸುವಿನ ಹಾಲಿನದಕ್ಕೆ ಬಹಳ ಹತ್ತಿರವಾಗಿರುವುದರಿಂದ ಅವೂ ಬದಲಿಯಾಗಲಾರವು.

ಮಾಲ್ಮೋ ಪಟ್ಟಣದ ಲೆಕ್ಕ

ಈ ಇತಿಹಾಸದ ಪ್ರಮುಖ ತಿರುವು ಸ್ವೀಡನ್ನಿನ ಮಾಲ್ಮೋದಲ್ಲಿ ಕಾಣಿಸುತ್ತದೆ. ಅಲ್ಲಿನ ವೈದ್ಯರಾದ ಯಾಕೊಬ್ಸನ್ ಮತ್ತು ಲಿಂಡ್‌ಬರ್ಗ್, ಸಮಾಧಾನವಿಲ್ಲದೆ ಅಳುವ ಎದೆಹಾಲಿನ ಶಿಶುಗಳನ್ನು ಅಭ್ಯಸಿಸಿದರು. 1978ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 18 ಮಂದಿ ತಾಯಂದಿರೂ ಅವರ 19 ಶಿಶುಗಳೂ ಇದ್ದರು. ತಾಯಂದಿರು ಹಸುವಿನ ಹಾಲನ್ನು ಬಿಟ್ಟಾಗ 13 ಶಿಶುಗಳು ಶಾಂತವಾದವು. ವೈದ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. ತಾಯಂದಿರಿಗೆ ಮತ್ತೆ ಹಾಲು ಕೊಟ್ಟು ನೋಡಿದರು; 12 ಶಿಶುಗಳಲ್ಲಿ ತೊಂದರೆ ಮರುಕಳಿಸಿತು.

1983ರಲ್ಲಿ ಅವರು ಇದನ್ನೇ 66 ತಾಯಂದಿರು ಮತ್ತು 66 ಶಿಶುಗಳೊಂದಿಗೆ ಮಾಡಿದರು. ತಾಯಂದಿರು ಹಾಲು ಬಿಟ್ಟಾಗ 35 ಶಿಶುಗಳ ಅಳು ನಿಂತಿತು. ಆದರೆ ತಾಯಂದಿರು ಪುನಃ ಪುನಃ ಹಾಲು ಕುಡಿದು ಪರೀಕ್ಷಿಸಿದಾಗ ತೊಂದರೆ ಮರಳಿದ್ದು 23 ಶಿಶುಗಳಲ್ಲಿ ಮಾತ್ರ. ಉಳಿದ 12 ಶಿಶುಗಳನ್ನು ಓದುಗರು ಲಕ್ಷ್ಯದಲ್ಲಿಡಬೇಕು. ಹಾಲು ಬಿಟ್ಟ ದಿನಗಳಲ್ಲಿ ಅವು ಸುಧಾರಿಸಿದ್ದವು, ಹಾಲು ಮರಳಿದ ಮೇಲೂ ಹಾಲು ಕಾರಣವೆಂಬುದಕ್ಕೆ ಅವುಗಳಲ್ಲಿ ಪುರಾವೆ ದೊರೆಯಲಿಲ್ಲ. ಎಳೆಯ ಮಕ್ಕಳ ಇಂತಹ ಅಳು ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುವುದು ಸಾಮಾನ್ಯ. ಮರುಪರೀಕ್ಷೆ ನಡೆಯದೇ ಹೋಗಿದ್ದರೆ ಆ 12 ತಾಯಂದಿರು ಪಥ್ಯವನ್ನು ಸುಮ್ಮನೆ ಮುಂದುವರಿಸುತ್ತಿದ್ದರು. ಪಥ್ಯದಿಂದಲೇ ಮಗು ಗುಣವಾಯಿತೆಂದು ಊರೆಲ್ಲ ನಂಬುತ್ತಿತ್ತು.

1985ರಲ್ಲಿ ಇದೇ ಸಂಶೋಧಕರ ತಂಡ, ತಾಯಿ ಸೇವಿಸಿದ ಹಸುವಿನ ಹಾಲಿನ ಒಂದು ಪ್ರೋಟೀನು ಆಕೆಯ ಎದೆಹಾಲಿಗೆ ಸಾಗುತ್ತದೆಂಬುದನ್ನು ತೋರಿಸಿತು. ಹೀಗೆ ಮಾಲ್ಮೋ ಎರಡು ಪಾಠಗಳನ್ನು ಒಟ್ಟಿಗೇ ಕಲಿಸಿತು. ಹಾಲು ಬಿಡಿಸುವುದರಿಂದ ಕೆಲವು ಶಿಶುಗಳಿಗೆ ನಿಜಕ್ಕೂ ಪ್ರಯೋಜನವಿದೆ. ಆದರೆ ಹಾಲು ಬಿಟ್ಟಾಗ ಮಗು ಸುಧಾರಿಸಿತೆಂಬುದು ಅರ್ಧ ಸಾಕ್ಷಿ ಮಾತ್ರ; ಹಾಲು ಮರಳಿದಾಗ ಏನಾಯಿತೆಂಬುದೇ ಉಳಿದರ್ಧ.

ಈ ತತ್ವವು ಇಂದಿನ ವೈದ್ಯಕೀಯ ಮಾರ್ಗಸೂಚಿಗಳಲ್ಲಿ ಸೇರಿಕೊಂಡಿದೆ. 2013ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಗಿ, 2017ರಲ್ಲಿ ಅಂತರರಾಷ್ಟ್ರೀಯ ತಜ್ಞರಿಂದ ಪರಿಷ್ಕೃತವಾದ ಮಾರ್ಗಸೂಚಿಯು ತಡವಾಗಿ ಕಾಣಿಸಿಕೊಳ್ಳುವ, ತೀವ್ರವಲ್ಲದ ಲಕ್ಷಣಗಳಿರುವ ಎದೆಹಾಲಿನ ಶಿಶುಗಳಿಗೆ ಹೀಗೆ ಸೂಚಿಸುತ್ತದೆ: ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥಗಳನ್ನು ಬಿಡಬೇಕು; ಮಗು ಸುಧಾರಿಸಿದರೆ, ಒಂದು ವಾರದ ಅವಧಿಯಲ್ಲಿ ಅವನ್ನು ಮತ್ತೆ ತನ್ನ ಊಟಕ್ಕೆ ತಂದುಕೊಂಡು ನೋಡಬೇಕು. ಲಕ್ಷಣ ಮರಳಿದರೆ ಪಥ್ಯ ಮುಂದುವರಿಯುತ್ತದೆ. ಮರಳದಿದ್ದರೆ ಪಥ್ಯ ಅಲ್ಲಿಗೆ ಮುಗಿಯಿತು. ಬಿಟ್ಟಾಗಲೂ ಸುಧಾರಣೆ ಕಾಣದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಬರೀ ಅಳುವೊಂದನ್ನೇ ಹಿಡಿದು ಹಾಲಿನ ಅಲರ್ಜಿಯೆಂದು ತೀರ್ಮಾನಿಸುವುದರ ವಿರುದ್ಧ ಇತ್ತೀಚಿನ ವರ್ಷಗಳಲ್ಲಿ ವೈದ್ಯರೇ ಎಚ್ಚರಿಸುತ್ತಿದ್ದಾರೆ.

ಮೆಟ್ಟಿಲು ಮೆಟ್ಟಿಲಾಗಿ

ಪರೀಕ್ಷೆಯಿಂದ ಅಲರ್ಜಿ ದೃಢಪಟ್ಟ ಮಕ್ಕಳಲ್ಲಿಯೂ ಬಹುಪಾಲು ಮಕ್ಕಳು ಬೆಳೆಯುತ್ತಾ ಅದರಿಂದ ಪಾರಾಗುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು, ಅಥವಾ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ತುಂಬುವವರೆಗೆ ಕಾದು ಮತ್ತೆ ಪ್ರಯತ್ನಿಸಲಾಗುತ್ತದೆ. ಈ ಪ್ರಯತ್ನಕ್ಕೆ ವೈದ್ಯರು 'ಹಾಲಿನ ಏಣಿ' ಎಂಬ ಕ್ರಮವನ್ನು ರೂಪಿಸಿದ್ದಾರೆ. 2017ರ ರೂಪದಲ್ಲಿ ಅದಕ್ಕೆ ಆರು ಮೆಟ್ಟಿಲುಗಳಿವೆ: ಹಾಲಿನಂಶ ಸೇರಿಸಿ ಸುಟ್ಟ ಬಿಸ್ಕತ್ತು, ಮಫಿನ್, ಪ್ಯಾನ್‌ಕೇಕ್, ಆಮೇಲೆ ಚೀಸ್, ಮೊಸರು, ಕೊನೆಗೆ ಹಾಲು. ಹಿಟ್ಟಿನೊಂದಿಗೆ ಬೆರೆತು ಒಲೆಯ ಬಿಸಿಯಲ್ಲಿ ಬಹುಕಾಲ ಬೆಂದಾಗ ಹಾಲಿನ ಕೆಲವು ಪ್ರೋಟೀನುಗಳ ಆಕಾರ ಬದಲಾಗುತ್ತದೆ. ದೇಹವು ಅವನ್ನು ಮೊದಲಿನಂತೆ ಗುರುತಿಸುವುದಿಲ್ಲ. 2008ರಲ್ಲಿ ನ್ಯೂಯಾರ್ಕಿನ ವೈದ್ಯರು ಆಸ್ಪತ್ರೆಯ ನಿಗಾದಲ್ಲಿ ಹಾಲಿನ ಅಲರ್ಜಿಯುಳ್ಳ 100 ಮಕ್ಕಳನ್ನು ಪರೀಕ್ಷಿಸಿದಾಗ, ಹಸಿ ಹಾಲು ತಾಳದ 68 ಮಕ್ಕಳು ಚೆನ್ನಾಗಿ ಬೆಂದ ಹಾಲಿನ ತಿನಿಸನ್ನು ತಾಳಿಕೊಂಡರು. ತಾಯಿ ತನ್ನ ಊಟಕ್ಕೆ ಹಾಲನ್ನು ಮರಳಿ ತರುವಾಗಲೂ ಬೆಂದ ತಿನಿಸಿನಿಂದ ಆರಂಭಿಸಿ ಮೊಸರು, ಹಾಲಿನತ್ತ ಸಾಗುವ ಕ್ರಮವನ್ನು ಅನೇಕ ವೈದ್ಯರು ಸೂಚಿಸುತ್ತಾರೆ.

ಕ್ರಮೇಣ ಸಾಗುವ ಈ ವಿವೇಕ ನಮ್ಮ ಪರಂಪರೆಗೆ ಅಪರಿಚಿತವಲ್ಲ. 1350ರಲ್ಲಿ ನಿಧನರಾದ ದಮಸ್ಕಸಿನ ಇಮಾಮ್ ಇಬ್ನುಲ್ ಖಯ್ಯಿಮ್, ನವಜಾತ ಶಿಶುವಿನ ವಿಧಿಗಳ ಕುರಿತ 'ತುಹ್ಫತುಲ್ ಮೌದೂದ್' ಗ್ರಂಥದಲ್ಲಿ ಮಗುವಿಗೆ ಆಹಾರ ರೂಢಿಸುವ ಕ್ರಮವನ್ನು ವಿವರಿಸಿದ್ದಾರೆ. ಹಲ್ಲು ಮೂಡುವವರೆಗೆ ಎದೆಹಾಲು. ಬಳಿಕ ಬಿಸಿನೀರಿನಲ್ಲಿ ನೆನೆಸಿದ ರೊಟ್ಟಿಯಂತಹ ಮೆತ್ತನೆಯ ಆಹಾರ. ಆಮೇಲೆ ಮಾಂಸವಿಲ್ಲದ ಸಾರು. ಕಡೆಗೆ ಚೆನ್ನಾಗಿ ನುರಿದ ಮಾಂಸ. ಹಾಲು ಬಿಡಿಸುವುದನ್ನೂ ಒಮ್ಮೆಗೇ ಮಾಡದೆ ಕ್ರಮೇಣ ಮಾಡಬೇಕೆಂದು ಅವರು ಉಪದೇಶಿಸುತ್ತಾರೆ. ಹಾಲಿನ ಅಲರ್ಜಿಯನ್ನು ಅವರು ಅರಿತಿದ್ದರೆಂದು ನಾವು ಹೇಳುತ್ತಿಲ್ಲ. ಎಳೆಯ ಒಡಲಿಗೆ ಅವಸರ ಸಲ್ಲದೆಂಬುದನ್ನು ಅವರು ಅರಿತಿದ್ದರು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಹಾಲಿನ ಸಂಪರ್ಕವಾದ ಕೆಲವೇ ನಿಮಿಷಗಳಿಂದ ಎರಡು ಗಂಟೆಗಳೊಳಗೆ ಮಗುವಿನ ಮೈಮೇಲೆ ದದ್ದು ಎದ್ದರೆ, ತುಟಿ ಅಥವಾ ಮುಖ ಊದಿಕೊಂಡರೆ, ಉಸಿರಾಟದಲ್ಲಿ ಸದ್ದು ಬಂದರೆ, ಅಥವಾ ಮಗು ಒಂದೇ ಸಮನೆ ವಾಂತಿ ಮಾಡಿಕೊಂಡು ನಿತ್ರಾಣವಾದರೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂತಹ ಮಗುವಿನ ವಿಷಯದಲ್ಲಿ ಮರುಪರೀಕ್ಷೆಯನ್ನಾಗಲಿ ಏಣಿಯ ಕ್ರಮವನ್ನಾಗಲಿ ಮನೆಯಲ್ಲಿ ಮಾಡಕೂಡದು. ತಜ್ಞ ವೈದ್ಯರ ಕಣ್ಣೆದುರೇ ಮಾಡಬೇಕು. ಉಳಿದ ಮಕ್ಕಳ ವಿಷಯದಲ್ಲಿಯೂ ಆರಂಭದ ದಿನವನ್ನು ಮಕ್ಕಳ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮಗುವಿಗೆ ಜ್ವರವೋ ಭೇದಿಯೋ ಇರುವಾಗ ಆರಂಭಿಸಬಾರದು; ಹಾಗೆ ಮಾಡಿದರೆ ಯಾವುದು ಯಾವುದರ ಫಲವೆಂದು ತಿಳಿಯದು.

ತಾಯಿಗೆ ಹಾನಿಯಾಗಬಾರದು

ಅಲ್ ಬಕರ ಅಧ್ಯಾಯದ 233ನೇ ಸೂಕ್ತವು ಮೊಲೆಯೂಡಿಸುವಿಕೆಯ ಮೂಲ ಸಂವಿಧಾನವೆನ್ನಬಹುದು. ಪೂರ್ತಿಗೊಳಿಸಬಯಸುವವರಿಗೆ ಎರಡು ವರ್ಷಗಳ ಅವಧಿಯನ್ನು ಅದು ಹೇಳುತ್ತದೆ. ತಾಯಿಯ ಅನ್ನ ಮತ್ತು ಬಟ್ಟೆಯ ಹೊಣೆಯನ್ನು ತಂದೆಯ ಮೇಲಿಡುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನು ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಗೆ ಬಿಡುತ್ತದೆ. ಇವುಗಳ ನಡುವೆ, ಮಗುವಿನ ಕಾರಣದಿಂದ ತಾಯಿಯನ್ನು ಹಾನಿಗೀಡು ಮಾಡಬಾರದೆಂಬ ಆದೇಶವನ್ನೂ ಇಟ್ಟಿದೆ. ವಿದ್ವಾಂಸರು ಈ ಆದೇಶವನ್ನು ಮುಖ್ಯವಾಗಿ ದಂಪತಿಗಳ ಹಕ್ಕುಬಾಧ್ಯತೆಗಳ ಸಂದರ್ಭದಲ್ಲಿ ಚರ್ಚಿಸಿದ್ದಾರೆ. ಅದರ ಆಶಯ ಬಾಣಂತಿಯ ಊಟದ ತಟ್ಟೆಯವರೆಗೂ ಚಾಚುತ್ತದೆಂದು ನಾವು ತಿಳಿಯುತ್ತೇವೆ. ಹಾಲುಣಿಸುವ ತಾಯಿಗೆ ರಮಝಾನಿನ ಉಪವಾಸದಲ್ಲೇ ರಿಯಾಯಿತಿ ಇರುವ ಧರ್ಮದಲ್ಲಿ, ಅವಧಿಯಿಲ್ಲದ ಪಥ್ಯವನ್ನು ಆಕೆಯ ಮೇಲೆ ಹೊರಿಸುವುದು ಹೇಗೆ ತಾನೇ ಯುಕ್ತವಾದೀತು?

ಆದುದರಿಂದ ಮನೆಯವರಿಗೆ ಕೆಲವು ಹೊಣೆಗಳಿವೆ. ತಾಯಿ ಹಾಲು ಬಿಟ್ಟ ದಿನವನ್ನೂ, ಮರಳಿ ಪರೀಕ್ಷಿಸಬೇಕಾದ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹಾಲುಣಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು ಮೊಸರುಗಳಿಲ್ಲದ ದಿನಗಳಲ್ಲಿ ಅದನ್ನು ಬೇರೆಡೆಯಿಂದ ಒದಗಿಸುವುದು ಗಂಡನ ಜವಾಬ್ದಾರಿ. ನಮ್ಮ ನಾಡಿನ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಎಳ್ಳು, ಸೊಪ್ಪು, ಮುಳ್ಳುಸಹಿತ ತಿನ್ನಬಹುದಾದ ಸಣ್ಣ ಮೀನು ಜೊತೆಗಿರಲಿ. ಸಾಲದಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತರಲಿ. ತುಪ್ಪ ತಿನ್ನದ ಬಾಣಂತಿ ಗಟ್ಟಿಯಾಗುವುದಿಲ್ಲವೆಂದು ಕೊರಗುವ ಅತ್ತೆಯವರಿಗೆ, ತುಪ್ಪದಲ್ಲಿಯೂ ಹಾಲಿನ ಪ್ರೋಟೀನಿನ ಲೇಶ ಉಳಿದಿರಬಹುದೆಂದೂ, ಇದು ಕೆಲವು ವಾರಗಳ ಮಾತೆಂದೂ ಮಗನೇ ವಿನಯದಿಂದ ತಿಳಿಸಲಿ. ಮೊದಲ ಮೊಸರಿನ ತುತ್ತನ್ನು ಮತ್ತೆ ತಿನ್ನುವ ದಿನ ತಾಯಿಯ ಎದೆಯಲ್ಲಿ ಭಯವಿರುತ್ತದೆ. ಮಗುವಿಗೆ ಏನಾದರೂ ಆದರೆ ಅದಕ್ಕೆ ಕಾರಣಳು ಆಕೆಯೇ ಎಂಬ ಮಾತು ಆ ದಿನ ಮನೆಯ ಯಾರ ಬಾಯಿಂದಲೂ ಹೊರಡಬಾರದು. ಆಕೆ ಮಾಡುತ್ತಿರುವುದು ಚಿಕಿತ್ಸೆಯ ಉಳಿದರ್ಧ.

ಕಾಯಿಲೆಗಾಗಿ ಬಿಡುವುದು ವಿವೇಕ. ಕಾಯಿಲೆ ತೀರಿತೇ ಎಂದು ನೋಡಿ ಮರಳಿ ಪಡೆಯುವುದೂ ವಿವೇಕವೇ. ಎರಡನ್ನೂ ಮಾಡಿದ ಮನೆಯಲ್ಲಿ ಮಗುವಿನ ಹಕ್ಕೂ ಉಳಿಯುತ್ತದೆ, ತಾಯಿಯ ಹಕ್ಕೂ ಉಳಿಯುತ್ತದೆ. ನಮ್ಮ ತಾಯಂದಿರಿಗೂ ಶಿಶುಗಳಿಗೂ ಅಲ್ಲಾಹನು ಆರೋಗ್ಯವನ್ನು ದಯಪಾಲಿಸಲಿ. ಅವರ ಸುಪ್ರಗಳಲ್ಲಿ ಬರ್ಕತ್ ಕರುಣಿಸಲಿ. ಆಮೀನ್.